ಮೊದಲಿಗರಿಲ್ಲದ ಊರು

ಆ ಊರಿನಲ್ಲಿ ಯಾವುದನ್ನೂ ಯಾರೂ ಮೊದಲು ಮಾಡುವಂತಿರಲಿಲ್ಲ. ಬಿತ್ತಬೇಕೆಂದರೆ ಆಗಲೇ ಬಿತ್ತಿದವರೊಬ್ಬರ ಹೊಲದಿಂದ ಹಿಡಿ ಮಣ್ಣು ತಂದು ತಮ್ಮ ಹೊಲದ ಮೂಲೆಗೆ ಹಾಕಬೇಕು, ಆಮೇಲೆ ಕೂರಿಗೆ ಹೂಡಬೇಕು. ಕೊಯ್ಯಬೇಕೆಂದರೆ ಆಗಲೇ ಕೊಯ್ದವರ ಹೊಲದ ಮಣ್ಣು. ಮನೆ ಕಟ್ಟಬೇಕೆಂದರೆ ಆಗಲೇ ಕಟ್ಟಿದವರ ಅಂಗಳದ ಮಣ್ಣು. ಮಣ್ಣಿಲ್ಲದೆ ಶುರುಮಾಡಿದವನ ಹೊಲದಲ್ಲಿ ಬೀಜದ ಬದಲು ನೆರಳು ಮೊಳೆಯುತ್ತದೆ ಎಂದು ಊರು ನಂಬಿತ್ತು. ನೆರಳು ಮೊಳೆತದ್ದನ್ನು ನೋಡಿದವರು ಯಾರು ಎಂದು ಕೇಳಬೇಡಿ. ಮೊದಲಿಗರೇ ಇಲ್ಲದ ಊರಿನಲ್ಲಿ ನೋಡುವುದೆಲ್ಲಿಂದ ಬಂತು?

ಹಾಗಾದರೆ ವರ್ಷ ವರ್ಷ ಬಿತ್ತನೆ ಹೇಗೆ ಶುರುವಾಗುತ್ತಿತ್ತು? ಹದ ಮಳೆ ಬಿದ್ದ ಮರುದಿನ ಊರಿಗೆ ಊರೇ ತಂತಮ್ಮ ಬದುವಿನ ಮೇಲೆ ಬಂದು ನಿಲ್ಲುತ್ತಿತ್ತು. ಎತ್ತುಗಳಿಗೆ ನೊಗ ಕಟ್ಟಿದೆ, ಮಡಿಲಲ್ಲಿ ಬೀಜವಿದೆ, ಕಣ್ಣು ಮಾತ್ರ ಪಕ್ಕದವನ ಹೊಲದ ಮೇಲಿದೆ. ಪಕ್ಕದವನ ಕಣ್ಣು ಅವನ ಪಕ್ಕದವನ ಹೊಲದ ಮೇಲಿದೆ. ಹೊತ್ತೇರುತ್ತಿತ್ತು, ನೆಲದ ಹದ ಆರುತ್ತಿತ್ತು, ಯಾರೂ ಕದಲುತ್ತಿರಲಿಲ್ಲ. ಕೊನೆಗೆ ಎಲ್ಲೋ ದೂರದಲ್ಲಿ ಬೆಳ್ಳಕ್ಕಿಗಳು ಮೇಲೇಳುತ್ತಿದ್ದವು. ಬೆಳ್ಳಕ್ಕಿ ಎದ್ದಿತೆಂದರೆ ಅಲ್ಲಿ ಯಾರದೋ ನೇಗಿಲು ಹೊರಟಿರಬೇಕು. "ಅಗೋ ಅಲ್ಲಿ ಶುರುವಾಯ್ತು!" ಎಂದು ಒಬ್ಬ ಕೂಗಿದರೆ ಸಾಕು, ಊರೆಲ್ಲ ಓಡಾಡಿ, ಒಬ್ಬರ ಹೊಲದಿಂದ ಒಬ್ಬರು ಮಣ್ಣು ಕಿತ್ತು, ಎತ್ತುಗಳನ್ನು ಹೊಡೆದುಕೊಂಡು ಬಿತ್ತಿಬಿಡುತ್ತಿತ್ತು. ಆ ಬೆಳ್ಳಕ್ಕಿಯನ್ನು ಎಬ್ಬಿಸಿದ್ದು ನೇಗಿಲೋ ನರಿಯೋ ಎಂದು ಯಾರೂ ಹೋಗಿ ನೋಡಲಿಲ್ಲ. ಇಷ್ಟು ವರ್ಷ ಹಕ್ಕಿಯ ತಲೆಗೆ ಎಲ್ಲವನ್ನೂ ಕಟ್ಟಿ ಬದುಕಿದ ಜನ ಅವರು. ಅವರನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಕನಿಕರವೂ ಬರುತ್ತದೆ. ಏನು ಮಾಡಲಿ.

ಆ ಊರಿನಲ್ಲಿ ಒಂಟಿ ಎತ್ತಿನವಳು ಇದ್ದಳು. ಊರಿನ ಮುಕ್ಕಾಲು ಪಾಲು ಮನೆಗಳಲ್ಲಿ ಇದ್ದದ್ದು ಒಂದೊಂದೇ ಎತ್ತು. ಒಂದೆತ್ತಿನವರು ಇಬ್ಬರು ಜೊತೆ ಮಾಡಿಕೊಂಡು ಒಂದು ದಿನ ಇವರ ಹೊಲ, ಒಂದು ದಿನ ಅವರ ಹೊಲ ಎಂದು ಉಳುತ್ತಿದ್ದರು. ಇವಳ ಎತ್ತು ಎಡಕ್ಕೆ ಹೂಡುವ ಎತ್ತು. ಬಲಕ್ಕೆ ಜೊತೆಗಾರನ ಎತ್ತು ಬಂದು ನಿಂತು ಕತ್ತು ತಗ್ಗಿಸುವವರೆಗೆ ಅದು ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಬೇರೆ ಎತ್ತನ್ನು ತಂದು ಕಟ್ಟಿದರೆ ಮೂಸಿ ನೋಡಿ ಮಲಗಿಬಿಡುತ್ತಿತ್ತು. ಅಂಥ ಹಟದ ಪ್ರಾಣಿ. ಒಡತಿಯೂ ಅದಕ್ಕೆ ಕಡಿಮೆಯಿರಲಿಲ್ಲ. ಅವಳಿಗಿದ್ದದ್ದು ತುಂಡು ಹೊಲ. ಅದರಲ್ಲಿ ನವಣೆ ಬಿತ್ತಿ, ನಡುನಡುವೆ ತೊಗರಿ ಸಾಲು ಬಿಟ್ಟು, ಬದುವಿನ ಗುಂಟ ಹುಚ್ಚೆಳ್ಳು ಚೆಲ್ಲಿ, ವರ್ಷದ ಊಟವನ್ನು ತಾನೇ ಎತ್ತಿಕೊಳ್ಳುತ್ತಿದ್ದಳು. ಉಳಿದದ್ದನ್ನು ಸಂತೆಗೆ ಹೊರುತ್ತಿದ್ದಳು.

ಹಿಂದಿನ ವರ್ಷ ಊರಾಚೆ ಒಂದು ಮನೆ ಎದ್ದಿತ್ತು. ಅಗುಳಿಯಿಲ್ಲದ ಬಾಗಿಲು, ಹಳದಿ ಗೋಡೆ. ಅದರ ಹೆಸರು ಒಪ್ಪಂದದ ಮನೆ. ಅಲ್ಲಿಂದ ಹಳದಿ ಅಂಗಿ ತೊಟ್ಟ ಒಪ್ಪಂದದಯ್ಯ ಹೊಲ ಹೊಲ ತಿರುಗಿ ಹೇಳುತ್ತಿದ್ದ. ಬೀಜ ನಾವು ಕೊಡುತ್ತೇವೆ. ಏನು ಬಿತ್ತಬೇಕು, ಯಾವತ್ತು ಬಿತ್ತಬೇಕು ಎಂದು ನಾವು ಹೇಳುತ್ತೇವೆ. ಕಣಕ್ಕೇ ಗಾಡಿ ತಂದು ಕಾಳು ಒಯ್ಯುತ್ತೇವೆ. ಬೆಲೆಯ ಮಾತು ಬಿತ್ತುವ ಮೊದಲೇ ಆಗಿರುತ್ತದೆ. ಅವನು ಮೊಟ್ಟಮೊದಲು ಬಂದದ್ದು ಒಂಟಿ ಎತ್ತಿನವಳ ಹೊಲಕ್ಕೆ. ಅವಳು ಅವನನ್ನು ಕೂರಲೂ ಬಿಡಲಿಲ್ಲ.

"ನನ್ನ ಹೊಲಕ್ಕೆ ಏನು ಬೇಕು ಅಂತ ನನ್ನ ಹೊಲ ಹೇಳ್ತೈತೆ. ಮಧ್ಯದಲ್ಲಿ ನೀನ್ಯಾರಪ್ಪ?" ಎಂದು ಕೈಲಿದ್ದ ಬಾರುಕೋಲನ್ನು ಎತ್ತಿದ್ದಳು. ಅವನು ಬಂದ ದಾರಿ ಹಿಡಿದಿದ್ದ. ಆಮೇಲೆ ಅವಳು ಆ ಮಾತನ್ನೇ ಮರೆತಿದ್ದಳು.

ಈ ವರ್ಷ ಹದ ಮಳೆ ಬಿತ್ತು. ಮಾರನೆಯ ಬೆಳಗ್ಗೆ ಅವಳು ಎತ್ತನ್ನು ಹಿಡಿದುಕೊಂಡು ಜೊತೆಗಾರನ ಅಂಗಳಕ್ಕೆ ಹೋದಳು. ಜೊತೆಗಾರನ ಎತ್ತಿನ ಕೊಂಬಿಗೆ ಹಳದಿ ದಾರ ಸುತ್ತಿತ್ತು.

"ಏನಣ್ಣ ಇದು? ಎತ್ತಿನ ಹಬ್ಬ ನನಗೆ ಹೇಳ್ದೆ ಮಾಡಿದ್ಯಾ?"

ಜೊತೆಗಾರ ನೆಲ ನೋಡಿದ. "ಹಬ್ಬ ಅಲ್ಲ ಕಣಕ್ಕ. ನಾನು ಸೇರ್ದೆ."

"ಎಲ್ಲಿಗೆ ಸೇರ್ದೆ?"

"ಅಲ್ಲಿಗೇ. ಒಪ್ಪಂದಕ್ಕೆ."

ಅವಳ ಎತ್ತು ಆಗಲೇ ಹೋಗಿ ತನ್ನ ಜಾಗದಲ್ಲಿ, ಎಡಕ್ಕೆ, ನಿಂತಿತ್ತು. ಬಲಕ್ಕೆ ಬರಬೇಕಾದದ್ದು ಬರಲಿಲ್ಲ. ಅದು ಕತ್ತು ಹೊರಳಿಸಿ ನೋಡಿತು.

"ಸೇರ್ಕೋ, ಬೇಡ ಅಂದವಳು ಯಾರು? ಎತ್ತು ಹೂಡು. ಇವತ್ತು ನನ್ನ ಹೊಲ."

"ಹೂಡಂಗಿಲ್ಲ ಅಂದವ್ರೆ. ಸೇರಿದ ಎತ್ತನ್ನ ಸೇರಿದ ಎತ್ತಿನ ಜೊತೇಲೇ ಹೂಡ್ಬೇಕಂತೆ. ನೀನೂ ಸೇರು ಅಕ್ಕ. ನಾಳೆನೇ ಜೊತೆ ಹೂಡನ."

"ನಿನ್ನ ಎತ್ತಿಲ್ದೆ ನನ್ನೆತ್ತು ಒಂದು ಗೆರೆ ಎಳೆಯಕಿಲ್ಲ. ಗೊತ್ತಿಲ್ವಾ ನಿಂಗೆ? ಹದ ಆರಿದ್ರೆ ಈ ವರ್ಷ ನನ್ನ ಹೊಲ ಬೀಳು. ಗೊತ್ತಿದ್ದೂ ಸೇರಿದ್ಯಾ?"

ಜೊತೆಗಾರ ಉಗುರಿನಿಂದ ಗೋಡೆಯ ಸುಣ್ಣ ಕೆರೆದ.

"ಯಾಕೆ ಸೇರ್ದೆ ಅಂತ ಬಾಯಿಬಿಟ್ಟು ಹೇಳು."

"ಯಾಕೆ ಅಂದ್ರೆ... ಹಗ್ಗದಜ್ಜಿ ಸೇರಿದ್ಲಲ್ಲ. ಅವಳ ಹೊಲದ ಮಣ್ಣು ತಗಂಡು ಹೋದೆ."

"ಅಜ್ಜಿ ಬಾವಿಗೆ ಬಿದ್ದಿದ್ರೆ ಬಾವಿ ತಳದಿಂದಲೂ ಹಿಡಿ ಮಣ್ಣು ತರ್ತಿದ್ದೆ ನೀನು!" ಎಂದಳು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನನ್ನು ಬೈದರೆ ಹೊಲ ಉತ್ತಂತಾಗುವುದಿಲ್ಲ ಎಂಬುದೂ ಗೊತ್ತಿತ್ತು. ಯಾರೋ ಒಬ್ಬರು ಇದನ್ನು ಶುರುಮಾಡಿರಲೇಬೇಕು. ಆ ಒಬ್ಬರನ್ನು ಹಿಡಿದು, ಯಾರ ಹೊಲದ ಮಣ್ಣು ತಂದೆ ಎಂದು ಊರ ಮುಂದೆ ಕೇಳಿದರೆ, ಅವರ ಬಳಿ ಉತ್ತರವಿರುವುದಿಲ್ಲ. ಉತ್ತರವಿಲ್ಲದಿದ್ದರೆ ಅವರ ಸೇರುವಿಕೆ ಸುಳ್ಳು. ಅವರದು ಸುಳ್ಳಾದರೆ ಅವರ ಹಿಂದಿನವರದೂ ಸುಳ್ಳು. ಜೊತೆಗಾರ ಬಿಡುಗಡೆಯಾಗಿ ಬಂದು ಎತ್ತು ಹೂಡುತ್ತಾನೆ. ಹೀಗೆ ಯೋಚಿಸಿ ಅವಳು ಎತ್ತಿನ ಹಗ್ಗ ಹಿಡಿದು ಹೊರಟಳು. ಎತ್ತು ಒಲ್ಲದ ಮನಸ್ಸಿನಿಂದ, ಬಲಗಡೆ ಒಂದೆತ್ತಿನ ಜಾಗ ಖಾಲಿ ಬಿಟ್ಟುಕೊಂಡೇ, ಹಿಂದೆ ನಡೆಯಿತು.

ಹಗ್ಗದಜ್ಜಿ ಜಗಲಿಯಲ್ಲಿ ಕೂತು ಕತ್ತಾಳೆ ನಾರು ಹೊಸೆಯುತ್ತಿದ್ದಳು. ಅವಳಿಗೂ ಊರ ಕೆಳಗೆ ಅಂಗೈಯಗಲ ಹೊಲವಿತ್ತು.

"ಅಜ್ಜಿ, ಯಾಕೆ ಸೇರ್ದೆ?"

"ಕೂತ್ಕೋ ಮಗಳೇ. ಸಂತೆಗೆ ಮೂಟೆ ಹೊರಕ್ಕೆ ನನ್ನ ಕತ್ತಲ್ಲಿ ಕಸುವಿಲ್ಲ. ಹೊತ್ಕಂಡು ಹೋದ್ರೂ ಏನು? ಸಾಹುಕಾರ ಬರ್ತಾನೆ, ಚೀಲಕ್ಕೆ ಕೈ ಹಾಕ್ತಾನೆ, ಕಾಳನ್ನ ಬೆರಳ ಸಂದೀಲಿ ಸುರಿದು ಹೋಗ್ತಾನೆ. ಮಾತೂ ಆಡಲ್ಲ. ಇವರಾದ್ರೆ ಬಾಗಿಲಿಗೆ ಬಂದು, ಅಜ್ಜಿ ಹೆಂಗಿದ್ದೀರ ಅಂತಾರೆ ಕಣೆ. ನನ್ನ ಹೊಟ್ಟೇಲಿ ಹುಟ್ಟಿದವೂ ಹಂಗೆ ಕೇಳಲಿಲ್ಲ."

ಒಂಟಿ ಎತ್ತಿನವಳ ಸಿಟ್ಟು ಒಂದು ಗಳಿಗೆ ತಗ್ಗಿತು. ಅವಳೂ ಆ ಸಂತೆಯಲ್ಲಿ ನಿಂತವಳೇ.

"ಸರಿ. ಆ ಕಾರಣಕ್ಕೇ ಸೇರಿದ್ಯಾ?"

ಅಜ್ಜಿ ಹೊಸೆಯುವುದನ್ನು ನಿಲ್ಲಿಸಿ ನಾರನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಅದು ಆಮೇಲೆ ಹೊಳೀತು ಅನ್ನು. ಮೊದಲು ಚಿಕ್ಕ ತಮ್ಮ ಸೇರ್ದ. ಅವನ ಹೊಲದ ಮಣ್ಣು ಇಸ್ಕಂಡು ಹೋದೆ."

ಚಿಕ್ಕ ತಮ್ಮ, ದೊಡ್ಡಣ್ಣ ಎಂದು ಊರು ಕರೆಯುತ್ತಿದ್ದದ್ದು ಒಂದೇ ಬದುವಿನ ಆಚೀಚೆ ಹೊಲವಿದ್ದ ಇಬ್ಬರು ಅಣ್ಣತಮ್ಮಂದಿರನ್ನು. ತಂದೆಯ ಹೊಲ ಪಾಲಾದಂದಿನಿಂದ ಅವರು ಮಾತು ಬಿಟ್ಟಿದ್ದರು. ನಡುವಿನ ಬದುವಿನ ಮೇಲೆ ಎದುರುಬದುರಾದರೆ ಇಬ್ಬರೂ ಆಕಾಶ ನೋಡುತ್ತಿದ್ದರು. ಅವಳು ಹೋದಾಗಲೂ ಹಾಗೆಯೇ ನಿಂತಿದ್ದರು. ಅವಳು ಕೇಳಿದ್ದು ತಮ್ಮನನ್ನು.

"ಅವನು ಸೇರ್ದ ಮೇಲೆ ನಾನು ಸುಮ್ನಿರಕ್ಕಾಗ್ತದಾ ಅಕ್ಕ? ನಾಳೆ ಅವನ ಕಣದ ಮುಂದೆ ಗಾಡಿ ನಿಂತ್ಕಂಡು, ನನ್ನ ಕಣದ ಮುಂದೆ ನಾಯಿ ಮಲಗಿದ್ರೆ? ಹೆಂಡ್ತಿಗೆ ಏನಂತ ಮುಖ ತೋರಿಸ್ಲಿ?"

"ಮಾತೇ ಆಡದವನು ಅವನ ಹೊಲದ ಮಣ್ಣು ಹೆಂಗೆ ಇಸ್ಕಂಡೆ?"

"ಇಸ್ಕಳದ್ಯಾಕೆ? ಬದು ಇಬ್ಬರದೂ ತಾನೆ. ಬದುವಿನ ಆ ಕಡೆ ಮೈಯಿಂದ ಕೆರ್ಕಂಡೆ."

ದೊಡ್ಡಣ್ಣ ಆಕಾಶದಿಂದ ಕಣ್ಣು ಕೀಳದೆಯೇ ಮಾತಾಡಿದ. "ಆ ಮನುಷ್ಯನಿಗೆ ಹೇಳಮ್ಮ, ಬದು ಕೆರೆಯೋದು ಒಳ್ಳೇದಲ್ಲ ಅಂತ."

"ನೀನು ಯಾಕೆ ಸೇರ್ದೆ ದೊಡ್ಡಣ್ಣ?"

"ನನ್ನನ್ನ ಕೇಳ್ತೀಯ? ವರ್ಷಾ ವರ್ಷ ಇದೇ ಬದುವಿನ ಮೇಲೆ ಬಾಯಿ ಬಿಟ್ಕಂಡು ಬೆಳ್ಳಕ್ಕಿ ಕಾಯ್ತಾ ನಿಂತೂ ನಿಂತೂ ಸಾಕಾಗೈತೆ. ನಾನು ಹೊರಡ್ಲಾ, ಅವನು ಹೊರಡ್ಲಾ, ಹದ ಹೋಯ್ತಾ, ಇನ್ನೂ ಐತಾ... ಇನ್ಮೇಲೆ ಆ ತಾಪತ್ರಯ ಇಲ್ಲ. ಒಪ್ಪಂದದ ಮನೆ ಮೇಲೆ ಬಾವುಟ ಏರಿಸ್ತಾರೆ. ಬಾವುಟ ಏರ್ತು ಅಂದ್ರೆ ಬಿತ್ತೋದು. ನೆರಳು ಮೊಳೀಲಿ ಏನಾದ್ರೂ ಮೊಳೀಲಿ, ತಪ್ಪು ನಮ್ಮದಲ್ಲ."

ಈ ಮಾತು ಅವಳ ಎದೆಗೆ ನಾಟಿತು. ತಾನೂ ಎಷ್ಟು ವರ್ಷ ಹಾಗೆ ನಿಂತಿಲ್ಲ? ಹದ ಕಾಲಡಿಯಲ್ಲಿ ಆರುವುದು ಅಂಗಾಲಿಗೆ ಗೊತ್ತಾಗುತ್ತಿದ್ದರೂ ಪಕ್ಕದ ಹೊಲ ನೋಡುತ್ತ ನಿಂತಿಲ್ಲ? ಆದರೂ ಬಿಟ್ಟುಕೊಡಲಿಲ್ಲ.

"ಅದಕ್ಕೇ ಸೇರಿದ್ಯಾ, ಇಲ್ಲ ಇದೂ ಆಮೇಲೆ ಹೊಳೆದದ್ದಾ?"

ದೊಡ್ಡಣ್ಣ ಮೊದಲ ಸಲ ಕಣ್ಣು ಕೆಳಗಿಳಿಸಿದ. "ದಿಬ್ಬದವನು ಸೇರ್ದ. ಅವನು ಎಲ್ಲಾ ಕಡೆ ನೋಡ್ದೆ ಹೆಜ್ಜೆ ಇಡೋನಲ್ಲ. ಅವನೇ ಸೇರಿದ ಮೇಲೆ ಇನ್ನೇನು ಅಂತ ಅವನ ಹೊಲದ ಮಣ್ಣು ತಂದೆ."

ನಿಜ ಹೇಳುತ್ತೇನೆ, ಮನುಷ್ಯ ಮೊದಲು ಹೋಗಿಬಿಡುತ್ತಾನೆ. ಕಾರಣಗಳು ಅವನ ಹಿಂದೆ ಏದುಸಿರು ಬಿಡುತ್ತ ಬಂದು ಸೇರಿಕೊಳ್ಳುತ್ತವೆ. ಹಾಗೆಂದು ಆ ಕಾರಣಗಳು ಸುಳ್ಳಲ್ಲ. ಅಜ್ಜಿಯ ಕತ್ತು ಸುಳ್ಳಲ್ಲ, ಸಂತೆಯ ಸಾಹುಕಾರ ಸುಳ್ಳಲ್ಲ. ಒಂಟಿ ಎತ್ತಿನವಳಿಗೆ ತಲೆ ಕೆಟ್ಟದ್ದು ಅದಕ್ಕೇ. ಕಳ್ಳನನ್ನು ಹಿಡಿಯಲು ಹೊರಟವಳಿಗೆ ಸಿಗುವವರೆಲ್ಲ ನೊಂದವರೇ ಆದರೆ ಬೈಯುವುದು ಯಾರನ್ನು? ಬೈಯದೆ ಇರುವುದಾದರೂ ಹೇಗೆ? ನೆತ್ತಿಯ ಮೇಲೆ ಬಿಸಿಲು ಬಂದಿತ್ತು. ನೆಲದ ಕಪ್ಪು ಬಣ್ಣ ಅಲ್ಲಲ್ಲಿ ತಿಳಿಯಾಗುತ್ತಿತ್ತು.

ದಿಬ್ಬದವನ ಮನೆ ಊರಿಗೆಲ್ಲ ಎತ್ತರದಲ್ಲಿತ್ತು. ಅಲ್ಲಿಂದ ಎಲ್ಲರ ಹೊಲಗಳೂ ಕಾಣುತ್ತಿದ್ದವು. ಅವನ ಹೊಲಕ್ಕೆ ಮಾತ್ರ ಯಾರೂ ಹತ್ತಿ ಬರುತ್ತಿರಲಿಲ್ಲ. ಒಂಟಿ ಎತ್ತಿನವಳು ಎತ್ತನ್ನು ಎಳೆದುಕೊಂಡು ದಿಬ್ಬ ಏರಿದಾಗ ಅವನು ಮನೆ ಮುಂದಿನ ಕಲ್ಲಿನ ಮೇಲಿಂದ ಎದ್ದು ನಿಂತ. ಅವಳು ಬರುವುದನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದನೆಂದು ಕಾಣುತ್ತದೆ, ಆಗಲೇ ನೀರಿನ ಚೆಂಬು ತಂದಿಟ್ಟಿದ್ದ.

ಅವಳು ನೀರು ಮುಟ್ಟಲಿಲ್ಲ. "ಕೊನೆಗೆ ಸಿಕ್ಕಿದ್ಯಲ್ಲ ಮಾವ. ಊರೆಲ್ಲ ಒಬ್ಬರ ಕಡೆ ಒಬ್ಬರು ಕೈ ತೋರಿಸಿ ತೋರಿಸಿ ನಿನ್ನ ಬಾಗಿಲಿಗೆ ತಂದು ಬಿಟ್ಟವ್ರೆ. ಹೇಳು, ನೀನು ಯಾರ ಮಣ್ಣು ತಗಂಡು ಹೋದೆ?"

ದಿಬ್ಬದವನು ಅವಳ ಮುಖ ನೋಡಿದ, ಎತ್ತಿನ ಮುಖ ನೋಡಿದ, ತಮಾಷೆ ಮಾಡುತ್ತಿದ್ದಾಳೋ ಎಂದು ಮತ್ತೆ ಅವಳ ಮುಖ ನೋಡಿದ.

"ನಿನ್ನದೇ."

"ಏನು?"

"ನಿನ್ನ ಹೊಲದ್ದೇ ಕಣಮ್ಮ. ನೀನೇ ತಾನೇ ಎಲ್ಲರಿಗಿಂತ ಮುಂಚೆ ಸೇರಿದ್ದು?"

ದಿಬ್ಬದವನು ಕೈ ಚಾಚಿ ಕೆಳಗಿನ ಅವಳ ಹೊಲ ತೋರಿಸಿದ. "ಇಲ್ಲಿಂದ ಎಲ್ಲಾ ಕಾಣ್ತದೆ. ಹೋದ ವರ್ಷ ನವಣೆ ತೆನೆ ಕಟ್ಟೋ ಹೊತ್ನಲ್ಲಿ ನಿನ್ನ ಹೊಲದ ನಡುವೆ ಹಳದಿ ಅಂಗಿಯವನು ನಿಂತಿದ್ದ. ಬೆಳಗ್ಗೆ ನೋಡಿದ್ರೂ ನಿಂತವ್ನೆ, ಬೈಗಿಗೆ ನೋಡಿದ್ರೂ ನಿಂತವ್ನೆ. ಮಳೇಲೂ ಕದಲಲಿಲ್ಲ. ಒಬ್ಬಳು ಹೆಂಗಸಿನ ತುಂಡು ಹೊಲಕ್ಕೆ ಅಷ್ಟು ನಿಷ್ಠೆಯಿಂದ ಕಾವಲು ನಿಲ್ತಾರಾ ಅಂತ ನನಗೆ... ಏನು ಹೇಳಲಿ. ಹೊಟ್ಟೆಕಿಚ್ಚಾಯ್ತು."

ಆಗ ಅವಳಿಗೆ ನೆನಪಾಯಿತು. ಬಾರುಕೋಲು ಎತ್ತಿದಾಗ ಒಪ್ಪಂದದಯ್ಯ ಸೆಕೆಗೆಂದು ಬಿಚ್ಚಿ ಜಾಲಿ ಮರಕ್ಕೆ ಹಾಕಿದ್ದ ಹಳದಿ ಮೇಲಂಗಿಯನ್ನು ಮರೆತೇ ಓಡಿದ್ದ. ಒಳ್ಳೆ ಬಟ್ಟೆ ಹಾಳಾಗುವುದೇಕೆಂದು ಅವಳು ಅದನ್ನು ಹೊಲದ ಬೆದರುಬೊಂಬೆಗೆ ತೊಡಿಸಿದ್ದಳು. ಆ ವರ್ಷ ಹಕ್ಕಿಗಳು ನಿಜಕ್ಕೂ ಹತ್ತಿರ ಸುಳಿದಿರಲಿಲ್ಲ.

"ಅದು ಬೊಂಬೆ ಕಣೋ!" ಎಂದು ಕಿರುಚಿದಳು. ಮಾವ ಎಂಬುದೂ ಮರೆತುಹೋಯಿತು. "ಹುಲ್ಲು ತುಂಬಿದ ಬೊಂಬೆ! ಕೆಳಗಿಳಿದು ಬಂದು ನೋಡಬಾರದಿತ್ತಾ? ಒಂದು ಮಾತು ಕೇಳಬಾರದಿತ್ತಾ?"

"ಮಣ್ಣು ತಗಳಕ್ಕೆ ಬಂದಿದ್ದೆ. ನೀನು ಊಟಕ್ಕೆ ಹೋಗಿದ್ದೆ. ಅವನು ಬೆನ್ನು ಹಾಕಿ ನಿಂತಿದ್ದ. ಕೆಲಸದಲ್ಲಿರೋರನ್ನ ಮಾತಾಡಿಸೋದು ಬೇಡ ಅಂತ ಸದ್ದು ಮಾಡ್ದೆ ಬಂದ್ಬಿಟ್ಟೆ." ದಿಬ್ಬದವನು ಕಲ್ಲಿನ ಮೇಲೆ ಕೂತುಬಿಟ್ಟ. "ನನ್ನ ಹೊಲದಲ್ಲಿ ಯಾರೂ ಯಾವತ್ತೂ ಬಂದು ನಿಂತಿಲ್ಲ ಕಣಮ್ಮ. ಬೆಳೆ ಹೆಂಗೈತೆ ಅಂತ ನೋಡಕ್ಕೂ ಬಂದಿಲ್ಲ. ನನಗೂ ಒಬ್ಬರು ಬಂದು ನಿಲ್ಲಲಿ ಅನ್ನಿಸ್ತು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಬ್ಬ ಹುಲ್ಲುಬೊಂಬೆಗೆ ಮರುಳಾದ, ಅವನಿಗೆ ದೊಡ್ಡಣ್ಣ ಮರುಳಾದ, ದೊಡ್ಡಣ್ಣನ ಮೇಲಿನ ಉರಿಗೆ ತಮ್ಮ ಹೋದ, ತಮ್ಮನ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಜೊತೆಗಾರ. ಒಪ್ಪಂದವನ್ನು ಬಾರುಕೋಲಿನಿಂದ ಓಡಿಸಿದವಳೇ ಊರನ್ನೆಲ್ಲ ಅದಕ್ಕೆ ನೂಕಿದ್ದಳು. ಸಿಟ್ಟು ಎಲ್ಲಿ ಹೋಗಿ ಇಳಿಯಬೇಕೆಂದು ಹುಡುಕಿ ಹುಡುಕಿ ಅವಳ ತಲೆಯ ಮೇಲೇ ಬಂದು ಕೂತಿತು.

ಅವಳು ದಿಬ್ಬದವನ ರಟ್ಟೆ ಹಿಡಿದು ಎಬ್ಬಿಸಿ ಕೆಳಗೆ ಕರೆತಂದಳು. ದಾರಿಯಲ್ಲಿ ಅಣ್ಣತಮ್ಮಂದಿರನ್ನು ಕೂಗಿದಳು, ಅಜ್ಜಿಯನ್ನು ಎಬ್ಬಿಸಿದಳು, ಜೊತೆಗಾರನನ್ನು ಅಂಗಳದಿಂದ ಹೊರಗೆಳೆದಳು. ಎಲ್ಲರನ್ನೂ ಒಪ್ಪಂದದ ಮನೆ ಬಾಗಿಲಿಗೆ ತಂದು ನಿಲ್ಲಿಸಿ, ನಡೆದದ್ದನ್ನು ಬಿಡಿಸಿ ಹೇಳಿದಳು. ಬೊಂಬೆಯ ಮಾತು ಬಂದಾಗ ದೊಡ್ಡಣ್ಣನೂ ತಮ್ಮನೂ ಎಷ್ಟೋ ವರ್ಷಗಳ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೊದಲ ಹಿಡಿ ಮಣ್ಣೇ ಸುಳ್ಳು. ನಾನು ಸೇರಿಲ್ಲ. ನಾನು ಸೇರಿಲ್ಲದ ಮೇಲೆ ಇವರ್ಯಾರೂ ಸೇರಿದ ಹಂಗಲ್ಲ. ಬಿಟ್ಟು ಕಳಿಸು ಇವರನ್ನ," ಎಂದಳು ಒಪ್ಪಂದದಯ್ಯನಿಗೆ.

ಒಪ್ಪಂದದಯ್ಯ ಅವಳ ಮಾತನ್ನು ಕೊನೆಯವರೆಗೂ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಅವನ ಈ ಗುಣವೇ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

"ಅಮ್ಮ, ಬಾಗಿಲಿಗೆ ಅಗುಳಿ ಇದೆಯಾ ನೋಡಿ. ನಾವು ಯಾರನ್ನೂ ಹಿಡಿದಿಟ್ಟುಕೊಂಡಿಲ್ಲ. ಯಾರು ಬೇಕಾದರೂ ಬಿಟ್ಟು ಹೋಗಬಹುದು," ಎಂದ.

ಯಾರೂ ಕದಲಲಿಲ್ಲ.

"ಹೋಗ್ರಪ್ಪ!" ಎಂದಳು ಅವಳು.

ಜೊತೆಗಾರ ಕೆಮ್ಮಿದ. "ಹೋಗ್ಬೋದು. ಆದ್ರೆ... ಬಿಟ್ಟವರ ಹೊಲದ ಮಣ್ಣು ಬೇಕಲ್ಲ ಅಕ್ಕ? ಇನ್ನೂ ಯಾರೂ ಬಿಟ್ಟಿಲ್ಲ."

ಒಪ್ಪಂದದಯ್ಯ ಕೈ ಜೋಡಿಸಿದ. "ಅದು ನಮ್ಮ ಕಟ್ಟಳೆಯಲ್ಲ ತಾಯಿ. ನಿಮ್ಮೂರಿನದು."

ಅದನ್ನು ಅವನು ಹೇಳಬಾರದಿತ್ತು. ಅವನು ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಅವನು ನಿಜ ಹೇಳಿದ್ದ.

ಬಾಗಿಲ ಮುಂದೆ ಕೂತು ಐದೂ ಜನ ಗುಸುಗುಸು ನಡೆಸಿದರು. ಕೊನೆಗೆ ಹಗ್ಗದಜ್ಜಿ ಎದ್ದು ಬಂದು ಅವಳ ಗಲ್ಲ ಹಿಡಿದಳು.

"ಮಗಳೇ, ಒಂದು ದಾರಿ ಐತೆ. ನೀನು ಸೇರು. ಸೇರಿ, ಬೆಳೆ ಎತ್ತಿ, ಬಿಟ್ಬಿಡು. ನೀನು ಬಿಟ್ಟ ಮೇಲೆ ನಿನ್ನ ಹೊಲದ ಮಣ್ಣು ತಗಂಡು ನಾವೂ ಬಿಡ್ತೀವಿ."

"ಮೊದಲು ಬಿಟ್ಟವಳು ನಾನಾಗಲ್ವಾ?"

"ಮೊದಲಿಗಳಾದ ಪಾಪ ನಿನಗೆ ಆಗಲೇ ಅಂಟೈತಲ್ಲ, ಸೇರದೇನೇ ಮೊದಲು ಸೇರ್ದೋಳು ನೀನು. ಅಂಟಿದ ಮೇಲೆ ಒಂದಾದ್ರೇನು ಎರಡಾದ್ರೇನು? ನೆರಳು ಮೊಳೆಯೋ ಹಂಗಿದ್ರೆ ಹೋದ ವರ್ಷವೇ ಮೊಳೀಬೇಕಿತ್ತು."

ಊರಿನ ಬುದ್ಧಿ ಎಂದರೆ ಅದೇ. ಒಂದು ಗಂಟು ಬಿಚ್ಚಲು ಎರಡು ಗಂಟು ಹಾಕುತ್ತದೆ, ಹಾಕಿದ್ದಕ್ಕೆ ಹೆಮ್ಮೆಪಡುತ್ತದೆ. ಅವಳು ಜೊತೆಗಾರನ ಮುಖ ನೋಡಿದಳು. "ಬಿಡೋ ದಿನ ನನ್ನ ಹಿಂದೆ ಬರ್ತೀಯಾ? ಆಣೆ ಇಡು."

"ನಿನ್ನ ಮಣ್ಣು ಕೈಗೆ ಬಂದ ಗಳಿಗೇಲೇ ಬರ್ತೀನಿ. ನನ್ನೆತ್ತಿನಾಣೆ."

ಅವಳು ಬಾಗಿಲು ಬಿಟ್ಟು ಈಚೆಗೆ ಬಂದಳು. ಎತ್ತು ಬೇಲಿಯ ಬಳಿ ಎಡಕ್ಕೆ ಸರಿದು ನಿಂತಿತ್ತು. ಹೊಲದಲ್ಲಿ ಹದ ಇನ್ನು ಒಂದು ದಿನ ಉಳಿದರೆ ಹೆಚ್ಚು. ಅವಳು ತನ್ನ ಹೊಲಕ್ಕೇ ಹೋಗಿ, ಬಗ್ಗಿ, ತನ್ನದೇ ಹಿಡಿ ಮಣ್ಣು ತಂದು ಬಾಗಿಲಲ್ಲಿ ಇಟ್ಟಳು. ಒಪ್ಪಂದದಯ್ಯ ಯಾರದೆಂದು ಕೇಳದೆ ತೆಗೆದುಕೊಂಡ. ಎತ್ತಿನ ಕೊಂಬಿಗೆ ಅವಳೇ ಹಳದಿ ದಾರ ಸುತ್ತಿದಳು, ಬಿಚ್ಚುವಾಗ ಸುಲಭವಾಗಲಿ ಎಂದು ಜಾರುಗಂಟು ಹಾಕಿದಳು.

ಮರುದಿನ ಬಾವುಟ ಏರಿತು. ಜೊತೆಗಾರನ ಎತ್ತು ಬಂದು ಬಲಕ್ಕೆ ನಿಂತು ಕತ್ತು ತಗ್ಗಿಸಿತು. ಅವಳ ಎತ್ತು ಬಾರುಕೋಲು ಎತ್ತುವ ಮೊದಲೇ ಹೊರಟಿತು. ಕೂರಿಗೆಯ ಬಟ್ಟಲಿಗೆ ಅವಳು ಹಾಕಿದ್ದು ನವಣೆಯಲ್ಲ. ಆ ಊರಿನವರು ಯಾರೂ ಬೇಯಿಸಿ ತಿಂದಿರದ, ಎಲ್ಲಿಗೆ ಹೋಗುತ್ತದೆಂದೂ ಗೊತ್ತಿಲ್ಲದ ದುಂಡು ಕಾಳು. ತೊಗರಿ ಸಾಲು ಬಿಡುವಂತಿರಲಿಲ್ಲ, ಬದುವಿನ ಹುಚ್ಚೆಳ್ಳೂ ಬೇಡವೆಂದರು. ಬೆಳೆ ಚೆನ್ನಾಗಿಯೇ ಬಂತು. ಗಾಡಿ ಕಣಕ್ಕೇ ಬಂತು, ಹೇಳಿದ ಮಾತಿನಂತೆ ಕಾಳು ಒಯ್ದರು. ಆ ವರ್ಷ ಅವಳ ಕತ್ತು ಮೂಟೆ ಹೊರಲಿಲ್ಲ, ಸಂತೆಯ ಸಾಹುಕಾರನ ಬೆರಳುಗಳನ್ನು ಅವಳು ನೋಡಲಿಲ್ಲ. ಸುಖವೆನ್ನಿಸಿತು ಎಂದರೆ ಅವಳಿಗೆ ಕೋಪ ಬರುತ್ತದೆ, ಆದರೂ ಅನ್ನಿಸಿತು. ನವಣೆಯನ್ನು ಮಾತ್ರ ಕೊಂಡು ಉಣ್ಣಬೇಕಾಯಿತು, ಅದೂ ಸಿಕ್ಕಾಗ.

ಕಣ ಬರಿದಾದ ದಿನ ಅವಳು ಬಿಡಲೆಂದು ಹೊರಟಳು. ಬಿಡುವುದೆಂದರೆ ಆ ಮನೆಯ ಬಾಗಿಲು ದಾಟಿ ಹೊರಗೆ ಕಾಲಿಡುವುದು, ಅಷ್ಟೇ. ಊರು ಬದುಗಳ ಮೇಲೆ ಬಂದು ನಿಂತು ನೋಡುತ್ತಿತ್ತು. ಒಪ್ಪಂದದ ಮನೆಯ ಬಾಗಿಲಲ್ಲಿ ಅವಳು ಹಿಂದಿರುಗಿ ಜೊತೆಗಾರನನ್ನು ಕರೆದಳು.

"ನಾನು ಹೊರಗೆ ಕಾಲಿಡ್ತೀನಿ. ಆ ಗಳಿಗೆಯಿಂದ ನಿನ್ನೆತ್ತು ಬರದಿದ್ರೆ ನನ್ನೆತ್ತು ಒಂಟಿ. ಜೊತೇಲೇ ಕಾಲಿಡು ಬಾ."

"ಜೊತೇಲಿ ಹೆಂಗಕ್ಕ ಇಡೋದು? ಆಗ ನಾನೂ ಮೊದಲಿಗನೇ ಆದಂಗಲ್ವಾ? ನೀನು ಇಡು, ಮಣ್ಣು ಕೊಡು, ಬರ್ತೀನಿ. ಆಣೆ ಇಟ್ಟಿಲ್ವಾ?"

"ನೀನು ಬರೋದು ಕಣ್ಣಲ್ಲಿ ಕಾಣ್ಲಿ, ಇಡ್ತೀನಿ."

"ನೀನು ಇಟ್ಟದ್ದು ಕಣ್ಣಲ್ಲಿ ಕಾಣ್ಲಿ, ಬರ್ತೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳೂ ಸುಳ್ಳು ಹೇಳುತ್ತಿರಲಿಲ್ಲ. ಹೊತ್ತೇರಿತು, ಹೊತ್ತಿಳಿಯಿತು. ಬದುಗಳ ಮೇಲಿನವರು ಕಾಲು ಬದಲಿಸಿ ಬದಲಿಸಿ ನಿಂತರು. ಅವಳು ಜೊತೆಗಾರನನ್ನು ಬೈದಳು, ಊರನ್ನು ಬೈದಳು, ಕಾಲನ್ನೂ ಬೈದಳು. ಕೊನೆಗೆ ಒಪ್ಪಂದದಯ್ಯ ಮುಂದಿನ ವರ್ಷದ ಬೀಜದ ಚೀಲ ತಂದು ಅವಳ ಪಕ್ಕದಲ್ಲಿಟ್ಟು, "ಬಿಸಿಲಲ್ಲಿ ನಿಂತಿದ್ದೀರಿ, ನೆರಳಿಗೆ ಬನ್ನಿ ತಾಯಿ," ಎಂದ. ಅವಳು ಚೀಲ ಎತ್ತಿಕೊಂಡು ಮನೆಗೆ ಬಂದಳು. ಇದೊಂದು ಸಲ, ಎಂದುಕೊಂಡಳು.

ಆಮೇಲೆ ಎಷ್ಟು ಸಲ ಬಾವುಟ ಏರಿತೋ. ಒಂದು ಬಿತ್ತನೆಯ ಬೆಳಗ್ಗೆ ಪಕ್ಕದೂರಿನ ಹೆಂಗಸೊಬ್ಬಳು ಅವಳ ಬದುವಿನ ಮೇಲೆ ಬಂದು ನಿಂತಳು. ಆ ಊರಿನ ಆಚೆಗೂ ಈಗ ಒಂದು ಹಳದಿ ಮನೆ ಎದ್ದಿತ್ತು. ಅವಳ ಕೈಯಲ್ಲಿ ಒಂದೇ ಎತ್ತಿನ ಹಗ್ಗ.

"ಅಕ್ಕ, ನೀವು ಇದಕ್ಕೆ ಸೇರಿ ಬಹಳ ಕಾಲವಾಯ್ತಂತೆ. ನಾನು ಸೇರಲ್ಲ ಅಂತ ಕೂತಿದ್ದೀನಿ. ನೀವು ಯಾಕೆ ಸೇರಿದ್ರಿ ಅಂತ ಕೇಳ್ಕಂಡು ಹೋಗನ ಅಂತ ಬಂದೆ."

ಒಂಟಿ ಎತ್ತಿನವಳು ಕೂರಿಗೆಯ ಬಟ್ಟಲಿಗೆ ದುಂಡು ಕಾಳು ಸುರಿಯುತ್ತಿದ್ದಳು. ಇಷ್ಟು ಸಣ್ಣ ವಿಷಯವೂ ತಿಳಿಯದೆ ಬಂದಳಲ್ಲ ಎಂಬಂತೆ ಅವಳ ಮೇಲೆ ರೇಗಿದಳು.

"ಬಿಡೋಕೆ ಕಣವ್ವ. ಇನ್ಯಾಕೆ ಸೇರ್ತಾರೆ?"

ಆ ಹೆಂಗಸು ಯೋಚಿಸಿದಳು. ಮುಖ ಹಗುರವಾಯಿತು. "ಹೌದಲ್ಲ. ಬಿಡೋಕೆ ಅಂದ್ರೆ ನಾನೂ ಸೇರ್ಬೋದು," ಎಂದು ಬಗ್ಗಿ ಅವಳ ಸಾಲಿನಿಂದ ಹಿಡಿ ಮಣ್ಣು ಎತ್ತಿ ಸೆರಗಿಗೆ ಕಟ್ಟಿಕೊಂಡಳು.

ಬೇಡ ಎನ್ನಲು ಒಂಟಿ ಎತ್ತಿನವಳು ಬಾಯಿ ತೆರೆದಳು. ಅಷ್ಟರಲ್ಲಿ ಜೊತೆಗಾರ ನೊಗದ ಬಳಿಯಿಂದ ಕೂಗಿದ, ಎತ್ತುಗಳು ಹೊರಟೇಬಿಟ್ಟವು, ಅವಳು ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆದಳು.